ಜಲದೇಗುಲ ಮತ್ತು ಗಣಕ: ಸಂಕೀರ್ಣ ವ್ಯವಸ್ಥೆಗಳ ಅಧ್ಯಯನದಲ್ಲಿ ಬಾಲಿಯ ಮಾದರಿ

ಆಚರಣೆಯ ಅಧ್ಯಯನ ಮತ್ತು ಗಣಿತ ಇವೆರಡೂ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ಒಂದರ ಮುಖವನ್ನು ಇನ್ನೊಂದು ನೋಡದೆ ಬೆಳೆದ ಶಿಸ್ತುಗಳು. ಹಬ್ಬ, ಹರಕೆ, ಬಲಿ, ಪೂಜೆಗಳನ್ನು ಬರೆದುಕೊಳ್ಳುವವರು ಒಂದು ಕಟ್ಟಡದಲ್ಲಿದ್ದರೆ, ಸಮೀಕರಣಗಳನ್ನು ಬಿಡಿಸುವವರು ಇನ್ನೊಂದು ಕಟ್ಟಡದಲ್ಲಿದ್ದರು. ೧೯೮೦ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಈ ಎರಡು ಕಟ್ಟಡಗಳ ನಡುವೆ ಓಡಾಟ ಶುರುವಾಯಿತು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಒಟ್ಟಾಗಿ ಇಂಡೋನೇಷ್ಯದ ಬಾಲಿ ದ್ವೀಪದ ಭತ್ತದ ಗದ್ದೆಗಳನ್ನೂ ಅವುಗಳಿಗೆ ನೀರು ಹಂಚುವ ದೇಗುಲಗಳನ್ನೂ ಗಣಕದೊಳಗೆ ಮರುಕಟ್ಟಿದರು. ಆ ಮಾದರಿ ಇಂದಿಗೂ ಸಂಕೀರ್ಣ ವ್ಯವಸ್ಥೆಗಳನ್ನು ಕಲಿಯುವ ವಿದ್ಯಾರ್ಥಿಗಳ ಮುಂದೆ ಬರುವ ಉದಾಹರಣೆಗಳಲ್ಲಿ ಒಂದು. ಅದು ಹುಟ್ಟಿದ ಬಗೆ, ಸಾಧಿಸಿದ್ದು, ಕಾಣದೆ ಬಿಟ್ಟದ್ದು ಈ ಮೂರೂ ಜಾನಪದ ಅಧ್ಯಯನಕ್ಕೆ ಸಂಬಂಧಿಸಿದ ಸಂಗತಿಗಳೇ ಆಗಿವೆ.

ಮೊದಲು ಆ ಶಿಸ್ತಿನ ಬಗ್ಗೆ ಎರಡು ಮಾತು. ಬಿಡಿ ಭಾಗಗಳನ್ನು ಎಷ್ಟೇ ಚೆನ್ನಾಗಿ ಬಲ್ಲೆವೆಂದರೂ ಅವು ಕೂಡಿದಾಗಿನ ನಡೆಯನ್ನು ಮುಂಚಿತವಾಗಿ ಹೇಳಲಾಗದ ವ್ಯವಸ್ಥೆಗಳನ್ನು ಸಂಕೀರ್ಣ ವ್ಯವಸ್ಥೆಗಳೆನ್ನುತ್ತಾರೆ. ಇರುವೆಗಳ ಗೂಡು, ಸಂತೆಯ ದರ, ಸಾಂಕ್ರಾಮಿಕ ರೋಗದ ಹರಡುವಿಕೆ, ಮಳೆಗಾಳಿಯ ಚಲನೆ ಈ ಬಗೆಯವು. ಇವುಗಳನ್ನು ಪ್ರಯೋಗಶಾಲೆಗೆ ತರುವುದು ಸಾಧ್ಯವಿಲ್ಲ. ಆದುದರಿಂದ ಅವುಗಳ ನಿಯಮಗಳನ್ನು ಗಣಕಕ್ಕೆ ಊಡಿಸಿ, ಅಲ್ಲಿಯೇ ನಡೆಸಿ ನೋಡುವ ಕ್ರಮ ಬಂದಿತು. ಅದನ್ನೇ ಸಿಮ್ಯುಲೇಷನ್ ಎಂದು ಕರೆಯುತ್ತಾರೆ. ಬಯಲಾಟದ ಮೇಳವೊಂದು ರಂಗಕ್ಕೇರುವ ಮುನ್ನ ನಡೆಸುವ ತಾಲೀಮನ್ನು ಇದಕ್ಕೆ ಹೋಲಿಸಬಹುದು. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ, ನೋಡುವ ಊರಿಲ್ಲ. ಆದರೆ ಯಾರ ಹಿಂದೆ ಯಾರು ಬರಬೇಕು, ಒಬ್ಬನು ತಡಮಾಡಿದರೆ ಉಳಿದವರ ಗತಿಯೇನು ಎಂಬುದೆಲ್ಲ ಅಲ್ಲಿ ತಿಳಿದುಬರುತ್ತದೆ. ತಪ್ಪಿದರೆ ಮಾನಹಾನಿಯಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಬಹುದು.

ಈ ಶಿಸ್ತಿಗೆ ಒಬ್ಬನೇ ಮೂಲಪುರುಷನಿಲ್ಲ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಜೇ ಫಾರೆಸ್ಟರ್ ಕಾರ್ಖಾನೆಗಳ ಏರಿಳಿತವನ್ನು ಗಣಕದಲ್ಲಿ ನಡೆಸಿ ನೋಡುವ ಕ್ರಮವನ್ನು ರೂಪಿಸಿ ೧೯೬೧ರಲ್ಲಿ ಗ್ರಂಥವಾಗಿಸಿದನು. ಅದೇ ಸಂಸ್ಥೆಯ ಎಡ್ವರ್ಡ್ ಲೊರೆಂಜ್, ಆರಂಭದ ಅತಿಸೂಕ್ಷ್ಮ ವ್ಯತ್ಯಾಸವೂ ಹವಾಮಾನದ ಮುಂದಿನ ಗತಿಯನ್ನೇ ಬದಲಿಸಬಲ್ಲದೆಂಬುದನ್ನು ೧೯೬೩ರಲ್ಲಿ ತೋರಿಸಿದನು. ಥಾಮಸ್ ಶೆಲ್ಲಿಂಗ್ ೧೯೭೧ರಲ್ಲಿ ಪ್ರಕಟಿಸಿದ ವಾಸನೆಲೆಗಳ ಅಧ್ಯಯನಕ್ಕೆ ಗಣಕವೂ ಬೇಕಾಗಿರಲಿಲ್ಲ. ಚೌಕಮನೆಗಳ ಮೇಲೆ ಎರಡು ಬಗೆಯ ನಾಣ್ಯಗಳನ್ನಿಟ್ಟು ಸರಿಸುತ್ತ, ಯಾರೂ ಬಯಸದ ಪ್ರತ್ಯೇಕತೆ ಹೇಗೆ ತಾನಾಗಿ ಮೂಡುತ್ತದೆಂಬುದನ್ನು ಅವನು ಕಂಡುಕೊಂಡನು. ಮನೆಯ ಜಗಲಿಯಲ್ಲಿ ಕವಡೆ ಹಾಕಿ ಕಾಯಿ ನಡೆಸಿದ ಯಾರಿಗೂ ಈ ವಿಧಾನ ಅಪರಿಚಿತವೆನಿಸದು. ಮಿಚಿಗನ್‌ನ ಜಾನ್ ಹಾಲೆಂಡ್‌ನ ಹೊಂದಾಣಿಕೆಯ ಸಿದ್ಧಾಂತ ೧೯೭೫ರಲ್ಲಿ ಬಂದಿತು. ೧೯೮೪ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಸ್ಥಾಪನೆಯಾದ ಸಾಂಟಾ ಫೆ ಸಂಸ್ಥೆ ಈ ಬಿಡಿ ಎಳೆಗಳನ್ನೆಲ್ಲ ಒಂದೆಡೆ ಹೊಸೆಯಿತು. ಅಲ್ಲಿಂದ ಮುಂದೆ ಸಂಕೀರ್ಣತೆ ಎಂಬುದು ವಿಶ್ವವಿದ್ಯಾಲಯಗಳಲ್ಲಿ ಕಲಿಯಬಹುದಾದ ವಿಷಯವಾಗಿ ನೆಲೆಗೊಂಡಿತು.

ಬಾಲಿಯ ಕಥೆ ಇದಕ್ಕಿಂತ ಬಹಳ ಹಳೆಯದು. ದ್ವೀಪದ ನಡುವೆ ಬಾತೂರ್ ಎಂಬ ಜ್ವಾಲಾಮುಖಿ, ಅದರ ಮಡಿಲಲ್ಲೊಂದು ಸರೋವರ. ಸರೋವರದಿಂದ ಹೊರಗೆ ಹರಿಯುವ ಹೊಳೆಯಿಲ್ಲ. ನೀರು ನೆಲದೊಳಗೆ ಇಂಗಿ ಕೆಳಗಿನ ಊಟೆಗಳಲ್ಲಿ ಏಳುತ್ತದೆಂಬುದು, ಆ ನೀರೆಲ್ಲ ಸರೋವರದ ದೇವತೆ ದೇವಿ ದನುವಿನ ಕೊಡುಗೆಯೆಂಬುದು ರೈತರ ನಂಬಿಕೆ. ೧೯೨೬ರ ಸ್ಫೋಟದಲ್ಲಿ ಹಳೆಯ ದೇಗುಲ ನಾಶವಾದಾಗ ಊರಿನವರು ಪರ್ವತದ ಅಂಚಿಗೆ ಬಂದು ನೆಲೆಸಿ ಅದನ್ನು ಹೊಸದಾಗಿ ಕಟ್ಟಿಕೊಂಡರು. ಕೆಳಗಿನ ಇಳಿಜಾರಿನಲ್ಲಿ ಮೆಟ್ಟಿಲುಗದ್ದೆಗಳು. ಒಂದೇ ನೀರಿನ ಮೂಲವನ್ನು ಹಂಚಿಕೊಳ್ಳುವ ರೈತರ ಕೂಟಕ್ಕೆ ಸುಬಾಕ್ ಎಂದು ಹೆಸರು. ಈ ಪದದ ಹಳೆಯ ರೂಪ ಹನ್ನೊಂದನೆಯ ಶತಮಾನದ ಶಾಸನಗಳಲ್ಲಿಯೇ ದೊರೆಯುತ್ತದೆ. ಗದ್ದೆಗೆ ನೀರು ಹೊಗುವ ಮೂಲೆಯಲ್ಲಿ ರೈತನ ಸ್ವಂತ ಗುಡಿ, ಸುಬಾಕಿಗೆ ಒಂದು ಗುಡಿ, ಹಲವು ಸುಬಾಕ್‌ಗಳು ಕೂಡುವಲ್ಲಿ ಮಸ್ಚೆತಿ ಎಂಬ ದೊಡ್ಡ ದೇಗುಲ, ಎಲ್ಲಕ್ಕೂ ಮೇಲೆ ಬಾತೂರಿನ ಉಲುನ್ ದನು. ಕಾಲುವೆ ಕವಲೊಡೆದಂತೆಲ್ಲ ದೇವರೂ ಕವಲೊಡೆದಿದ್ದಾರೆ. ಯಾವಾಗ ನೀರು ಬಿಡಬೇಕು, ಯಾವಾಗ ನಾಟಿ, ಯಾವಾಗ ಗದ್ದೆಯನ್ನು ಬೀಳು ಬಿಡಬೇಕು ಎಂಬುದನ್ನು ಈ ದೇಗುಲಗಳ ಸಭೆಗಳಲ್ಲಿ ನಿರ್ಧರಿಸಲಾಗುತ್ತಿತ್ತು. ಅದಕ್ಕೆ ೨೧೦ ದಿನಗಳ ಪಂಚಾಂಗ. ಅದರಲ್ಲಿ ಒಂದು ದಿನದ ವಾರದಿಂದ ಹಿಡಿದು ಹತ್ತು ದಿನದ ವಾರದವರೆಗೆ ಹತ್ತು ಬಗೆಯ ವಾರಗಳು ಏಕಕಾಲದಲ್ಲಿ ಓಡುತ್ತವೆ. ಹದಿಮೂರು ಹದಿನಾಲ್ಕು ದಿನಗಳ ಮಳೆನಕ್ಷತ್ರಗಳನ್ನು ಎಣಿಸಿ ಬಿತ್ತನೆಗೆ ಹೊರಡುವ ಕರ್ನಾಟಕದ ಒಕ್ಕಲಿಗನಿಗೆ ಇದು ವಿಚಿತ್ರವೆನಿಸಬಹುದು, ಆದರೆ ಇದರ ಉದ್ದೇಶ ಅರ್ಥವಾಗದೆ ಇರದು.

ಇಷ್ಟೆಲ್ಲ ಏರ್ಪಾಟಿನ ಹಿಂದೆ ಒಂದು ತೊಡಕು ಅಡಗಿದೆ. ಎಲ್ಲರೂ ಒಂದೇ ಹೊತ್ತಿಗೆ ನಾಟಿ ಮಾಡಿದರೆ ನೀರು ಸಾಲದು, ಆದುದರಿಂದ ಹಿಂದುಮುಂದಾಗಿ ನಾಟಿ ಮಾಡಬೇಕು. ಆದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ನಾಟಿ ಮಾಡಿದರೆ ಕಂದು ಜಿಗಿಹುಳುವಿನಂಥ ಕೀಟಗಳು ಒಂದು ಗದ್ದೆಯ ಕೊಯ್ಲಾದೊಡನೆ ಪಕ್ಕದ ಹಸಿರು ಗದ್ದೆಗೆ ಹಾರುತ್ತವೆ, ಅವಕ್ಕೆ ಉಪವಾಸವೇ ಇಲ್ಲ. ಸುತ್ತಲಿನ ಗದ್ದೆಗಳೆಲ್ಲ ಏಕಕಾಲಕ್ಕೆ ಬೀಳಾದಾಗ ಮಾತ್ರ ಕೀಟದ ಸಂತತಿ ಕುಸಿಯುತ್ತದೆ. ನೀರು ಬೇರೆ ಬೇರೆಯಾಗಿ ಎನ್ನುತ್ತದೆ, ಕೀಟ ಒಟ್ಟಾಗಿ ಎನ್ನುತ್ತದೆ. ಎಷ್ಟು ಮಂದಿ ಒಟ್ಟಾಗಬೇಕು, ಎಲ್ಲಿ ಬೇರೆಯಾಗಬೇಕು? ಮೇಲಿನವರು ನೀರನ್ನೆಲ್ಲ ಹಿಡಿದಿಟ್ಟುಕೊಳ್ಳದೆ ಕೆಳಗಿನವರಿಗೆ ಬಿಡುವುದಕ್ಕೂ ಇದೇ ಕಾರಣವೆಂದು ಲ್ಯಾನ್ಸಿಂಗ್ ಮತ್ತು ಜಾನ್ ಮಿಲ್ಲರ್ ೨೦೦೫ರ ಲೇಖನವೊಂದರಲ್ಲಿ ವಾದಿಸಿದರು. ಕೆಳಗಿನವನು ನೀರಿಲ್ಲದೆ ತಡವಾಗಿ ನಾಟಿ ಮಾಡಿದರೆ ಅವನ ಗದ್ದೆಯ ಹುಳು ಮೇಲಿನವನ ಮನೆಗೇ ಬರುತ್ತದೆ. ಔದಾರ್ಯ ಎನ್ನುವುದಕ್ಕಿಂತ ಇದನ್ನು ನೆರೆಹೊರೆಯ ಎಚ್ಚರವೆನ್ನುವುದು ಹೆಚ್ಚು ಸರಿ.

ಹಸಿರು ಕ್ರಾಂತಿ ಬಾಲಿಗೆ ಬಂದಾಗ ಈ ಎಚ್ಚರ ಯಾರ ಲೆಕ್ಕಕ್ಕೂ ಸಿಗಲಿಲ್ಲ. ೧೯೭೦ರ ದಶಕದಲ್ಲಿ ಬೇಗ ಬೆಳೆಯುವ ಹೊಸ ತಳಿಗಳು, ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಜೊತೆಗೆ, ಸಾಧ್ಯವಾದಷ್ಟು ಸಲ ನಾಟಿ ಮಾಡಬೇಕೆಂಬ ಸರ್ಕಾರದ ಒತ್ತಾಯವೂ ಬಂದಿತು. ದೇಗುಲದ ಸರದಿ ತಪ್ಪಿತು. ಮೊದಮೊದಲು ಇಳುವರಿ ಏರಿತು, ಆಮೇಲೆ ನೀರಿನ ಜಗಳಗಳೂ ಕೀಟಗಳೂ ಏರಿದವು. ಒಂದು ಕೀಟಕ್ಕೆ ಬಗ್ಗದ ತಳಿಯನ್ನು ತಂದರೆ ಮತ್ತೊಂದು ರೋಗ ಬಂದು ಹೊಕ್ಕಿತು. ೧೯೭೯ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಆರಂಭವಾದ ನೀರಾವರಿ ಯೋಜನೆಯ ತಜ್ಞರಿಗೆ ಕಾಲುವೆ ಕಂಡಿತು, ಗುಡಿ ಕಂಡಿತು. ಇವೆರಡಕ್ಕೂ ಇದ್ದ ಸಂಬಂಧ ಮಾತ್ರ ಕಾಣಲಿಲ್ಲ. ಪೂಜೆಯನ್ನು ಧರ್ಮದ ಖಾತೆಗೂ ನೀರನ್ನು ಎಂಜಿನಿಯರುಗಳ ಖಾತೆಗೂ ಹಂಚಿಕೊಂಡು ಕುಳಿತ ಆಡಳಿತಕ್ಕೆ, ದೇಗುಲದ ಸರದಿಗೆ ಮರಳಲು ಬಿಡಿ ಎಂಬ ರೈತರ ಮಾತು ಹಳೆಯ ಕಾಲದ ಹಟವಾಗಿ ಕೇಳಿಸಿತು.

ಲ್ಯಾನ್ಸಿಂಗ್ ಈ ದೇಗುಲಗಳ ನೀರಾವರಿ ಪಾತ್ರವನ್ನು ಕುರಿತು ೧೯೮೭ರಲ್ಲಿ ಬರೆದನು. ಕ್ಷೇತ್ರಕಾರ್ಯದ ವಿವರಗಳು ಅವನ ಬಳಿ ಹೇರಳವಾಗಿದ್ದರೂ ಅಧಿಕಾರಿಗಳ ಮುಂದೆ ಅವು ಕಥೆಗಳಷ್ಟೇ ಆಗಿದ್ದವು. ಅಲ್ಲಿ ಕ್ರೆಮರನ ಪಾತ್ರ ಬರುತ್ತದೆ. ಕ್ರೆಮರ್ ಭತ್ತದ ತಜ್ಞನಲ್ಲ, ಕಡಲಿನವನು. ಅಮೆರಿಕದ ಪೂರ್ವ ಕರಾವಳಿಯ ನ್ಯಾರಗ್ಯಾನ್ಸೆಟ್ ಕೊಲ್ಲಿಯ ಜೀವಜಾಲವನ್ನು ಸ್ಕಾಟ್ ನಿಕ್ಸನ್ ಜೊತೆಗೂಡಿ ಗಣಕದಲ್ಲಿ ನಡೆಸಿ ತೋರಿಸಿದ ಗ್ರಂಥ ೧೯೭೮ರಲ್ಲಿ ಪ್ರಕಟವಾಗಿತ್ತು. ಕೊಲ್ಲಿಯ ಉಬ್ಬರವಿಳಿತದ ಲೆಕ್ಕ ಬಲ್ಲವನು ಮೆಟ್ಟಿಲುಗದ್ದೆಯ ನೀರನ್ನೂ ಲೆಕ್ಕಿಸಬಲ್ಲನು. ಆದರೆ ಲೆಕ್ಕಿಸಲು ಬೇಕಾದದ್ದನ್ನು ಕೇಳಿ ತರುವವರು ಬೇಕಿತ್ತು.

ಅವರು ಆರಿಸಿಕೊಂಡದ್ದು ದಕ್ಷಿಣ ಬಾಲಿಯ ಊಸ್ ಮತ್ತು ಪೆತಾನು ನದಿಗಳ ನಡುವಿನ ೧೭೨ ಸುಬಾಕ್‌ಗಳನ್ನು. ಪ್ರತಿ ಸುಬಾಕಿನ ವಿಸ್ತೀರ್ಣ, ಅದು ಯಾವ ಒಡ್ಡಿನಿಂದ ನೀರು ಪಡೆಯುತ್ತದೆ, ಉಳಿದ ನೀರು ಯಾರಿಗೆ ಹೋಗುತ್ತದೆ, ಅದರ ನೆರೆಯವರು ಯಾರು ಎಂಬ ವಿವರಗಳು ಗಣಕಕ್ಕೆ ಹೋದವು. ಎತ್ತರಕ್ಕೂ ತಿಂಗಳಿಗೂ ತಕ್ಕಂತೆ ಬದಲಾಗುವ ಮಳೆ, ಹೊಳೆಯ ಹರಿವು, ಬೆಳೆಯ ಬೆಳವಣಿಗೆ, ಕೀಟದ ಹೆಚ್ಚಳ ಮತ್ತು ಪಕ್ಕಕ್ಕೆ ಹರಡುವಿಕೆ ಇವೆಲ್ಲ ತಿಂಗಳು ತಿಂಗಳಾಗಿ ಮುಂದೆ ಸಾಗಬೇಕು. ಈ ಪಟ್ಟಿಯಲ್ಲಿ ದೇವಿಯಿಲ್ಲ, ಪುರೋಹಿತನಿಲ್ಲ, ತೀರ್ಥವಿಲ್ಲ ಎಂಬುದನ್ನು ಗಮನಿಸಬೇಕು. ದೇಗುಲವು ಗಣಕದೊಳಗೆ ಹೋದದ್ದು ಯಾರು ಯಾರೊಡನೆ ಒಂದೇ ಹೊತ್ತಿಗೆ ನಾಟಿ ಮಾಡುತ್ತಾರೆ ಎಂಬ ಕೂಟದ ಗಡಿಯಾಗಿ ಮಾತ್ರ. ಆ ಗಡಿಯಾದರೂ ಯಾವ ಸರ್ಕಾರಿ ನಕ್ಷೆಯಲ್ಲಿಯೂ ಇರಲಿಲ್ಲ. ಯಾವ ಊರಿನವರು ಯಾವ ಗುಡಿಯ ಹಬ್ಬಕ್ಕೆ ಎಡೆ ತರುತ್ತಾರೆ ಎಂದು ಕೇಳಿದಾಗಲಷ್ಟೇ ಅದು ಸಿಗುವಂಥದು. ಎಡೆಯ ಲೆಕ್ಕದಲ್ಲಿ ನೀರಿನ ಲೆಕ್ಕ ಅಡಗಿತ್ತು.

ಮೊದಲ ಪರೀಕ್ಷೆ ಮಾದರಿಯ ಸಾಚಾತನದ್ದು. ೧೯೮೮ ಮತ್ತು ೧೯೮೯ರ ನಿಜವಾದ ಇಳುವರಿಗೆ ಗಣಕ ಹೇಳಿದ ಇಳುವರಿಯನ್ನು ಎದುರಿಟ್ಟು ನೋಡಿದಾಗ ಎರಡೂ ಬಹುಮಟ್ಟಿಗೆ ತಾಳೆಯಾದವು. ಬಳಿಕ ಮುಖ್ಯ ಪ್ರಶ್ನೆಯನ್ನು ಹಾಕಲಾಯಿತು. ೧೭೨ ಸುಬಾಕ್‌ಗಳೂ ತಮಗೆ ತಾವೇ ನಾಟಿ ಮಾಡಿದರೆ ಏನಾಗುತ್ತದೆ? ಎಲ್ಲವೂ ಒಂದೇ ದಿನ ಮಾಡಿದರೆ ಏನಾಗುತ್ತದೆ? ಮೊದಲನೆಯದರಲ್ಲಿ ಕೀಟ ಗೆದ್ದಿತು, ಎರಡನೆಯದರಲ್ಲಿ ನೀರು ಸೋತಿತು. ಇವೆರಡರ ನಡುವಿನ ಹಲವು ಅಳತೆಗಳಲ್ಲಿ ಅತ್ಯುತ್ತಮ ಫಲ ದೊರೆತದ್ದು ಜಲದೇಗುಲಗಳ ಕೂಟದ ಅಳತೆಯಲ್ಲಿಯೇ.

ಎರಡನೆಯ ಪ್ರಯೋಗ ಇನ್ನೂ ಸ್ವಾರಸ್ಯಕರವಾದುದು. ಈ ಸಲ ದೇಗುಲದ ಗಡಿಗಳನ್ನೂ ತೆಗೆದುಹಾಕಲಾಯಿತು. ಪ್ರತಿ ಸುಬಾಕಿಗೂ ಮನಬಂದ ಬೆಳೆಕ್ರಮವೊಂದನ್ನು ಕೊಟ್ಟು, ವರ್ಷದ ಕೊನೆಗೆ ನೆರೆಯವರತ್ತ ನೋಡು, ನಿನಗಿಂತ ಚೆನ್ನಾಗಿ ಬೆಳೆದವರಿದ್ದರೆ ಅವರಂತೆ ಮಾಡು ಎಂಬ ಒಂದೇ ನಿಯಮವನ್ನು ವಿಧಿಸಲಾಯಿತು. ಮೊದಲ ವರ್ಷಗಳಲ್ಲಿ ಗೊಂದಲವಿತ್ತು. ವರ್ಷಗಳು ಉರುಳಿದಂತೆ ಅಲ್ಲಲ್ಲಿ ಒಟ್ಟಾಗಿ ನಾಟಿ ಮಾಡುವ ಗುಂಪುಗಳು ಮೂಡಿ, ಇಳುವರಿ ಏರಿ, ಕೊನೆಗೆ ನಿಂತ ಚಿತ್ರ ನಿಜವಾದ ದೇಗುಲಜಾಲವನ್ನು ಹೋಲುತ್ತಿತ್ತು. ರಾಜಾಜ್ಞೆ, ಎಂಜಿನಿಯರ್ ಅಥವಾ ಮೇಲ್ವಿಚಾರಕ ಇವರಾರೂ ಇಲ್ಲದೆ, ನೆರೆಯನ್ನು ನೋಡಿ ನಡೆಯುವುದರಿಂದಲೇ ಇಂಥ ವ್ಯವಸ್ಥೆ ಹುಟ್ಟಬಲ್ಲದು ಎಂಬುದು ೧೯೯೩ರಲ್ಲಿ ಅವರಿಬ್ಬರು ಪ್ರಕಟಿಸಿದ ಪ್ರಬಂಧದ ತೀರ್ಮಾನ. ದೊಡ್ಡ ನೀರಾವರಿಗೆ ದೊಡ್ಡ ದೊರೆಯೇ ಬೇಕೆಂದು ೧೯೫೭ರಲ್ಲಿ ಕಾರ್ಲ್ ವಿಟ್‌ಫೋಗೆಲ್ ಮಂಡಿಸಿದ್ದ ಸಿದ್ಧಾಂತಕ್ಕೆ ಇದು ಬಲವಾದ ಪ್ರತ್ಯುತ್ತರವಾಯಿತು. ಅಷ್ಟರಲ್ಲಿ ಅಭಿವೃದ್ಧಿ ಬ್ಯಾಂಕೂ ತನ್ನ ೧೯೮೮ರ ಮೌಲ್ಯಮಾಪನದಲ್ಲಿ ದೇಗುಲಗಳ ಕ್ರಮದ ಬೆಲೆಯನ್ನು ಒಪ್ಪಿಕೊಂಡಿತ್ತು. ೨೦೧೨ರಲ್ಲಿ ಸುಬಾಕ್ ವ್ಯವಸ್ಥೆಯನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಗೆದ್ದ ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ಸುಲಭ. ಆದರೆ ವಿಶ್ವವಿದ್ಯಾಲಯದ ಕಲಿಕೆ ನಿಜವಾಗಿ ಶುರುವಾಗುವುದು ಅದರ ನಂತರ. ಮಾದರಿಯನ್ನು ಕಲಿಯುವುದೆಂದರೆ ಅದನ್ನು ನಂಬುವುದಲ್ಲ, ಅದರ ಒಂದೊಂದೇ ಊಹೆಯನ್ನು ಅಲುಗಾಡಿಸಿ ಎಲ್ಲಿ ಮುರಿಯುತ್ತದೆಂದು ನೋಡುವುದು. ಯೂರಿ ವಿಲೆನ್ಸ್ಕಿ ೧೯೯೯ರಲ್ಲಿ ರೂಪಿಸಿದ ನೆಟ್‌ಲೋಗೊದಂಥ ಸರಳ ಸಾಧನಗಳು ಬಂದ ಬಳಿಕ ಈ ಅಲುಗಾಡಿಸುವ ಕೆಲಸ ಸಾಮಾನ್ಯ ವಿದ್ಯಾರ್ಥಿಗೂ ದಕ್ಕಿತು. ಮಾರ್ಕೊ ಯಾನ್ಸೆನ್ ೨೦೦೭ರಲ್ಲಿ ಬಾಲಿಯ ಮೂಲಮಾದರಿಯನ್ನೇ ಮರಳಿ ಪರೀಕ್ಷಿಸಿದಾಗ, ಗುಂಪುಗಳು ತಾವಾಗಿ ಮೂಡುವುದು ಕೀಟದ ನಡೆಯ ಬಗೆಗೂ ರೈತರು ತೀರ್ಮಾನ ಕೈಗೊಳ್ಳುವ ರೀತಿಯ ಬಗೆಗೂ ಮಾಡಿಕೊಂಡ ಊಹೆಗಳನ್ನು ಬಹಳವಾಗಿ ಅವಲಂಬಿಸಿದೆ ಎಂಬುದು ತಿಳಿಯಿತು. ಮಾದರಿ ಸುಳ್ಳಾಗಲಿಲ್ಲ, ಅದು ನಿಲ್ಲುವ ನೆಲ ಎಷ್ಟು ಅಗಲ ಎಂಬುದು ಗೊತ್ತಾಯಿತು.

ಬೇರೆ ಬಗೆಯ ಆಕ್ಷೇಪಗಳೂ ಇವೆ, ಅವು ಇನ್ನೂ ಗಂಭೀರವಾದವು. ೧೯೯೯ರಲ್ಲಿ ಸ್ಟೀಫನ್ ಹೆಲ್ಮ್‌ರೈಕ್, ದೇಗುಲಗಳನ್ನು ತಂತಾನೆ ನಡೆಯುವ ಲೆಕ್ಕದ ಯಂತ್ರಗಳಂತೆ ಚಿತ್ರಿಸಿದಾಗ ವಸಾಹತು ಆಳ್ವಿಕೆ, ಅಧಿಕಾರ, ರಾಜಕಾರಣಗಳ ಚರಿತ್ರೆ ಅಳಿಸಿಹೋಗುತ್ತದೆಂದು ಟೀಕಿಸಿದನು. ಲ್ಯಾನ್ಸಿಂಗ್ ಮರುವರ್ಷ ಉತ್ತರಿಸಿದನು. ೨೦೦೩ರಲ್ಲಿ ಬ್ರಿಗಿಟ್ಟೆ ಹೌಸರ್-ಶೋಯ್ಬ್ಲಿನ್, ಬಾಲಿಯ ಅರಸರಿಗೂ ನೀರಾವರಿಗೂ ದೇಗುಲಗಳಿಗೂ ಇದ್ದ ನಂಟು ಮಾದರಿ ಸೂಚಿಸುವುದಕ್ಕಿಂತ ಗಾಢವಾದುದೆಂದು ವಾದಿಸಿದಳು. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ದೊರೆಯಿಲ್ಲದೆ ವ್ಯವಸ್ಥೆ ಹುಟ್ಟಬಲ್ಲದು ಎಂದು ಮಾದರಿ ತೋರಿಸಬಹುದು. ದೊರೆಯಿಲ್ಲದೆಯೇ ಹುಟ್ಟಿತು ಎಂಬುದನ್ನು ಶಾಸನ, ಕಡತ, ಬಾಯಿಮಾತುಗಳೇ ಹೇಳಬೇಕು. ಗಣಕಕ್ಕೆ ಸಾಧ್ಯತೆಯ ಮಾತು ಬರುತ್ತದೆ, ಚರಿತ್ರೆಯ ಮಾತು ಬರುವುದಿಲ್ಲ. ೨೦೧೭ರಲ್ಲಿ ಲ್ಯಾನ್ಸಿಂಗ್ ಮತ್ತು ಸಂಗಡಿಗರು ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಗದ್ದೆಗಳ ಬಣ್ಣದ ತೇಪೆಗಳನ್ನು ಅಳೆದು ತಮ್ಮ ವಾದಕ್ಕೆ ಹೊಸ ಪುರಾವೆ ಒದಗಿಸಿದರಾದರೂ ಈ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ.

ಕರ್ನಾಟಕದಲ್ಲಿಯೂ ಗಣಿತ ಮತ್ತು ಆಚರಣೆಗಳು ಒಮ್ಮೆ ಹೀಗೆ ಎದುರಾಗಿವೆ, ಅದೂ ಬಾಲಿಯ ಮಾದರಿಗಿಂತ ಮೊದಲೇ. ಹಾರ್ವರ್ಡ್‌ನಲ್ಲಿ ಗಣಿತೀಯ ಪರಿಸರ ವಿಜ್ಞಾನದಲ್ಲಿ ೧೯೬೯ರಲ್ಲಿ ಡಾಕ್ಟರೇಟ್ ಪಡೆದ ಮಾಧವ ಗಾಡ್ಗೀಳರು ೧೯೭೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮಾದರಿಗಳನ್ನು ಕಟ್ಟಬಲ್ಲ ಈ ವಿದ್ವಾಂಸರು ವಿ.ಡಿ. ವರ್ತಕರೊಡನೆ ಪಶ್ಚಿಮ ಘಟ್ಟಗಳ ದೇವರಕಾಡುಗಳನ್ನು ಅಧ್ಯಯನಮಾಡಿ, ದೇವರ ಭಯವೆಂದು ಕರೆಯಲಾಗುತ್ತಿದ್ದ ಕಟ್ಟಳೆ ಕಾಡನ್ನು ಹೇಗೆ ಉಳಿಸಿದೆ ಎಂಬುದನ್ನು ೧೯೭೬ರ ಲೇಖನದಲ್ಲಿ ತೋರಿಸಿದರು. ಅದೇ ದಶಕದಲ್ಲಿ ಉತ್ತರ ಕನ್ನಡದ ಬಿದಿರನ್ನು ಕುರಿತ ಅವರ ಅಧ್ಯಯನ ಇನ್ನೂ ಬೋಧಪ್ರದವಾದುದು. ಕಾಗದ ಕಾರ್ಖಾನೆಯವರು ಬಿದಿರಮೆಳೆಯ ಬುಡದ ಮುಳ್ಳನ್ನು ಸವರಿ ಚೊಕ್ಕಟಮಾಡುತ್ತಿದ್ದರು. ಅದು ಮೆಳೆಗೆ ಒಳ್ಳೆಯದೆಂಬುದು ಅವರ ಎಣಿಕೆ. ಮುಳ್ಳು ಹೋದರೆ ಕಳಲೆಯನ್ನು ದನವೂ ಕಾಡುಪ್ರಾಣಿಗಳೂ ಮೇಯುತ್ತವೆ ಎಂಬುದು ಹಳ್ಳಿಯವರ ಮಾತು. ಎಣಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ೧೯೮೩ರಲ್ಲಿ ಅದೇ ಸಂಸ್ಥೆಯಲ್ಲಿ ಅವರು ಸ್ಥಾಪಿಸಿದ ಪರಿಸರ ವಿಜ್ಞಾನ ಕೇಂದ್ರದಲ್ಲಿ ಗಣಿತವೂ ಕಾಡಿನ ಓಡಾಟವೂ ಒಟ್ಟಿಗೆ ಬೆಳೆದವು.

ಕಾಡಿಗೆ ದೊರೆತ ಈ ಗಮನ ಕೆರೆಗೆ, ಅಂದರೆ ಬಾಲಿಯ ಗದ್ದೆಗೆ ಹತ್ತಿರದ ನಂಟನಾದ ಕರ್ನಾಟಕದ ನೀರಾವರಿಗೆ, ಜಾನಪದ ವಿದ್ವಾಂಸರಿಂದ ಅಷ್ಟಾಗಿ ದೊರೆಯಲಿಲ್ಲ ಎಂದು ಹೇಳಬೇಕಾಗಿದೆ. ಕೆರೆಯ ಸಾಹಿತ್ಯ ಸಂಗ್ರಹವಾಗಿಲ್ಲವೆಂದಲ್ಲ. ಕೆರೆಗೆ ಹಾರವಾದ ಭಾಗೀರಥಿಯ ಕಥನಗೀತವನ್ನು ಬಲಿಯೆಂದು, ಸ್ತ್ರೀಶೋಷಣೆಯೆಂದು, ಕರುಣರಸವೆಂದು ಮತ್ತೆ ಮತ್ತೆ ಓದಲಾಗಿದೆ. ಆ ಓದುಗಳೆಲ್ಲ ಬೆಲೆಯುಳ್ಳವೇ. ಬಿಟ್ಟುವಟ್ಟ, ಕೆರೆಗೊಡಗೆಗಳ ಶಾಸನಗಳನ್ನು ಇತಿಹಾಸಕಾರರು ಓದಿದ್ದಾರೆ. ಗಂಗೆಪೂಜೆಯ ಹಾಡುಗಳೂ ಬಾಗಿನ ಬಿಡುವ ಕ್ರಮವೂ ದಾಖಲಾಗಿವೆ. ಆದರೆ ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ತಲೆಗೆ ಬರುವ ಸರಣಿಕೆರೆಗಳಲ್ಲಿ ಯಾವ ಊರಿನ ಗಂಗೆಪೂಜೆ ಮೊದಲು, ಯಾವುದು ಆಮೇಲೆ, ಆ ಮುಂಚುಹಿಂಚಿಗೂ ತೂಬು ಎತ್ತುವ ಸರದಿಗೂ ಸಂಬಂಧವುಂಟೇ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಹಾಡು ಧ್ವನಿಮುದ್ರಣವಾಯಿತು, ತೂಬಿನ ಲೆಕ್ಕ ಕೆರೆಯಂಗಳದಲ್ಲಿಯೇ ಉಳಿಯಿತು.

ಆ ಲೆಕ್ಕ ಇದ್ದದ್ದು ನೀರುಗಂಟಿಯ ತಲೆಯಲ್ಲಿ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ತೂಬು ತೆಗೆದು, ಗದ್ದೆಯಿಂದ ಗದ್ದೆಗೆ ನೀರು ಹಾಯಿಸಿ, ಸುಗ್ಗಿಯಲ್ಲಿ ಕಾಳಿನ ಆಯ ಪಡೆಯುತ್ತಿದ್ದ ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು. ಕೆರೆಯಲ್ಲಿ ಇಷ್ಟು ನೀರಿದ್ದರೆ ಇಷ್ಟು ಗದ್ದೆ, ಕಡಿಮೆಯಾದರೆ ಯಾರಿಗೆ ಕಡಿತ ಎಂಬುದನ್ನು ಬಲ್ಲ ಆ ಮನುಷ್ಯನಿಗೆ ಸ್ವಂತ ಗದ್ದೆ ಎಷ್ಟೋ ಕಡೆ ಇರಲಿಲ್ಲ. ಬಾಲಿಯ ಮಾದರಿಗೆ ಎದ್ದ ಆಕ್ಷೇಪ ಇಲ್ಲಿ ಇನ್ನಷ್ಟು ಹರಿತವಾಗುತ್ತದೆ. ಕರ್ನಾಟಕದ ಸರಣಿಕೆರೆಯೊಂದನ್ನು ಗಣಕದೊಳಗೆ ಕಟ್ಟಿ, ನೆರೆಯನ್ನು ನೋಡಿ ನಡೆಯುವ ರೈತರ ಸಾಮರಸ್ಯವೆಂದು ಅದಕ್ಕೆ ಹೆಸರಿಟ್ಟರೆ, ಕೆಸರಿನಲ್ಲಿ ನಿಂತ ಆ ಒಬ್ಬನು ಲೆಕ್ಕದಿಂದ ಹೊರಗುಳಿಯುತ್ತಾನೆ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ ೧೯೬೧ರ ಕಾಯಿದೆ ನ್ಯಾಯದ ದೃಷ್ಟಿಯಿಂದ ಬೇಕಾಗಿಯೇ ಇತ್ತು. ಅದರೊಡನೆ ಆ ಹುದ್ದೆಗಳಲ್ಲಿದ್ದವರ ಅರಿವನ್ನು ಬರೆದಿಡುವ ಏರ್ಪಾಟು ಮಾತ್ರ ಆಗಲಿಲ್ಲ. ಮುಂದೆ ಕೊಳವೆಬಾವಿಗಳು ಹೆಚ್ಚಿದಂತೆ ಹಲವು ಊರುಗಳಲ್ಲಿ ತೂಬಿಗೇ ಕೆಲಸವಿಲ್ಲವಾಯಿತು.

ಲ್ಯಾನ್ಸಿಂಗ್ ಮತ್ತು ಕ್ರೆಮರ್ ೧೭೨ ಸುಬಾಕ್‌ಗಳ ಪಟ್ಟಿಯನ್ನು ತುಂಬಲು ಸಾಧ್ಯವಾದದ್ದು ಆ ದೇಗುಲಗಳಲ್ಲಿ ಸಭೆಗಳು ಇನ್ನೂ ಸೇರುತ್ತಿದ್ದುದರಿಂದ, ಕೇಳಿದರೆ ಹೇಳುವವರು ಇದ್ದುದರಿಂದ. ಕರ್ನಾಟಕದ ಒಂದು ಸರಣಿಗೆ ಅಂಥ ಪಟ್ಟಿ ತುಂಬಬೇಕಾದರೆ ತೂಬಿನ ಕಣ್ಣುಗಳೆಷ್ಟು, ಯಾವ ಮಳೆಯಲ್ಲಿ ಯಾವ ಕಣ್ಣು ತೆರೆಯುತ್ತಿತ್ತು, ಬರದ ವರ್ಷ ಅಚ್ಚುಕಟ್ಟಿನ ಯಾವ ಭಾಗವನ್ನು ಬೀಳು ಬಿಡುತ್ತಿದ್ದರು, ಹಾಗೆ ಬಿಟ್ಟವನಿಗೆ ಊರು ಏನು ಕೊಡುತ್ತಿತ್ತು ಎಂಬ ಉತ್ತರಗಳು ಬೇಕು. ಮೇಲಿನ ಕೆರೆ ರಾತ್ರಿಯಲ್ಲಿ ಕೋಡಿ ಬಿದ್ದರೆ ಕೆಳಗಿನ ಊರಿನ ನೀರುಗಂಟಿಗೆ ಆ ಸುದ್ದಿಯನ್ನು ಯಾರು, ಯಾವ ಗುರುತಿನಿಂದ ಮುಟ್ಟಿಸುತ್ತಿದ್ದರು ಎಂಬುದೂ ಆ ಪಟ್ಟಿಯಲ್ಲಿ ಸೇರಬೇಕು. ಆ ಕೆಲಸ ಮಾಡಿದ ಕೊನೆಯ ತಲೆಮಾರಿನವರು ಈಗ ಮುಪ್ಪಿನಲ್ಲಿದ್ದಾರೆ.